ಹುಬ್ಬು ಮಿಸ್

ಆಗಸ್ಟ್ 6, ಮಂಗಳವಾರ

ಮೂರನೇ ಪೀರಿಯಡ್, ಏಳನೇ ಕ್ಲಾಸ್. ಭಿನ್ನರಾಶಿ. ನಲವತ್ತೆರಡು ಮಕ್ಕಳಲ್ಲಿ ಮೂವತ್ತೆಂಟು ಕೈ ಮೇಲೆ. ಇನ್‌ಸ್ಪೆಕ್ಟರ್ ಇವತ್ತೇ ಬರಬಾರದಿತ್ತೇ ಅನ್ನಿಸಿತು. ಇಪ್ಪತ್ತಾರು ವರ್ಷದಿಂದ ಬಾಯಿಲೆಕ್ಕವೇ ನನ್ನ ಪದ್ಧತಿ. ಕೇಳು, ಹೇಳಿಸು, ಮುಂದೆ ನಡೆ.

ಚೂಟಿಯನ್ನು ಎಬ್ಬಿಸಿದೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ನನ್ನ ಬಾಯಿಗೆ ಐದನೇ ಕ್ಲಾಸಿನಿಂದ ಅವಳು ಚೂಟಿಯೇ. "ಎಂಟರಲ್ಲಿ ಮೂರು ಪಾಲು ದೊಡ್ಡದೋ, ಐದರಲ್ಲಿ ಎರಡು ಪಾಲು ದೊಡ್ಡದೋ?"

"ಎಂ...ಟರಲ್ಲಿ..." ಎಳೆದಳು. ತಡೆದಳು. "ಅಲ್ಲ ಮಿಸ್, ಐದರಲ್ಲಿ ಎರಡು!"

ಇದೇ ನನಗೆ ಇಷ್ಟ. ತನ್ನ ತಪ್ಪನ್ನು ತಾನೇ ಹಿಡಿಯುತ್ತಾಳೆ.

ವಸತಿ ಶಾಲೆಗೆ ಅವಳ ಹೆಸರು ಕಳಿಸಿಯಾಯಿತು. ನಮ್ಮ ಶಾಲೆಯಿಂದ ಒಬ್ಬರಿಗೇ ಅವಕಾಶ. ಪಾಸಾದರೆ ಹನ್ನೆರಡನೇ ಕ್ಲಾಸಿನವರೆಗೆ ಊಟ, ವಸತಿ, ಓದು ಎಲ್ಲ ಅವರದೇ. ಶಿಫಾರಸು ಪತ್ರದಲ್ಲಿ ಬರೆದೆ — 'ಈ ಮಗು ಸ್ವಂತವಾಗಿ ಯೋಚಿಸುತ್ತದೆ.' ಅಪ್ಪ ಬಡಗಿ. ಸಹಿ ಹಾಕುವ ಮೊದಲು ಎರಡು ಸಲ ಕೈ ಒರೆಸಿಕೊಂಡ. ಪರೀಕ್ಷೆ ಸೆಪ್ಟೆಂಬರ್ 28ಕ್ಕೆ.

ಪಕ್ಕದ ಟೇಬಲ್ಲಿನ ಹೊಸ ಸೈನ್ಸ್ ಟೀಚರ್ ಇವತ್ತೂ ಚೀಟಿ ಎಣಿಸುತ್ತಾ ಕೂತಿದ್ದಳು. ಪೀರಿಯಡ್ ಮುಗಿದಾಗ ಪ್ರತಿ ಮಗುವೂ ಕಾಲು ಹಾಳೆಯಲ್ಲಿ 'ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ' ಅಂತ ಬರೆದುಕೊಡಬೇಕಂತೆ. ಗೊತ್ತಾಗದ್ದನ್ನು ಬರೆಯುವಷ್ಟು ಗೊತ್ತಿದ್ದರೆ ಅವು ಮಕ್ಕಳು ಯಾಕಾಗುತ್ತಿದ್ದವು? ಸ್ಟಾಫ್‌ರೂಮಿನಲ್ಲಿ ಅವಳಿಗೆ ಚೀಟಿ ಮಿಸ್ ಅಂತ ಹೆಸರಿಟ್ಟದ್ದು ನಾನೇ.

ನನಗೂ ಒಂದು ಹೆಸರಿದೆ. ನಲ್ಲಿಯ ಹತ್ತಿರ ಮಕ್ಕಳು ಮಾತಾಡುವಾಗ ಕೇಳಿದ್ದೇನೆ. ಹುಬ್ಬು ಮಿಸ್. ನನ್ನವು ಅಪ್ಪನಿಂದ ಬಂದ ದಪ್ಪ ಹುಬ್ಬು, ಅದಕ್ಕೇ. ಡ್ರಿಲ್ ಮಾಸ್ಟರಿಗೆ ಇಟ್ಟ ಹೆಸರಿಗಿಂತ ಎಷ್ಟೋ ಮೇಲು.

ಆಗಸ್ಟ್ 9, ಶುಕ್ರವಾರ. ಬೆಳಗ್ಗೆ

ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಹರಿದುಹೋಯಿತು. ಕನ್ನಡಿಯಲ್ಲಿ ನೋಡಿದೆ. ಅರ್ಧ ಮುಖ ನನ್ನದು, ಅರ್ಧ ಯಾರದೋ. ಎಡಗಣ್ಣು ಮುಚ್ಚುತ್ತಿಲ್ಲ. "ಅಕ್ಕಾ" ಅಂತ ಕೂಗಿದೆ. ಅದು ಸರಿಯಾಗಿಯೇ ಬಂತು. "ಬಾ ಬೇಗ" ಬರಲಿಲ್ಲ, ತುಟಿ ಕೂಡಲಿಲ್ಲ.

ಅಕ್ಕ ಮೂವತ್ತು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಗಾಬರಿ ಬೀಳುವ ಜಾತಿಯಲ್ಲ. ಕೈ ಎತ್ತಿಸಿದಳು, ನಡೆಸಿದಳು. "ಲಕ್ವ ಅಲ್ಲ ಕಣೇ. ಮುಖದ ನರ ಊದಿಕೊಂಡಿದೆ. ನಡಿ ಡಾಕ್ಟರ್ ಹತ್ರ. ಸೀರೆ ಬದಲಾಯಿಸ್ತಾ ಕೂರಬೇಡ, ನಿನ್ನ ನೋಡೋಕೆ ಯಾರೂ ಬರ್ತಿಲ್ಲ."

ಡಾಕ್ಟರೂ ಅದನ್ನೇ ಹೇಳಿದರು. ಮೂರು ವಾರವೋ ಮೂರು ತಿಂಗಳೋ.

ಆಗಸ್ಟ್ 19, ಸೋಮವಾರ

ಶಾಲೆಗೆ ಹೋದೆ. ಕಪ್ಪು ಕನ್ನಡಕ, ಅದರ ಕೆಳಗೆ ಮಾಸ್ಕ್. ಕಾಣುವುದು ಹಣೆ ಮಾತ್ರ, ಅದರ ಮೇಲೂ ಕಣ್ಣಿಗೆ ಅಂಟಿಸಿದ ಪ್ಲಾಸ್ಟರ್. ಮಕ್ಕಳು ಮೂಕರಾಗಿಬಿಟ್ಟರು. ಪಾಪ, ಹೆದರಿವೆ ಅಂದುಕೊಂಡೆ.

ಭಿನ್ನರಾಶಿಯನ್ನೇ ಮತ್ತೆ ಕೇಳಿದೆ. ಒಂದೂ ಸರಿ ಇಲ್ಲ. ಮೂವತ್ತೆಂಟು ಕೈ ಇದ್ದ ಕಡೆ ಐದು ಕೈ. ಚೂಟಿ ಎದ್ದು "ಎಂ...ಟರಲ್ಲಿ..." ಅಂತ ಎಳೆದಳು. ನನ್ನ ಕನ್ನಡಕದ ಕಡೆ ನೋಡುತ್ತಾ ನಿಂತಳು. ಎಳೆಯುತ್ತಲೇ ಇದ್ದಳು. ಕೊನೆಗೆ ಅಳು ಬಂದು ಕೂತುಬಿಟ್ಟಳು.

ಆಗಸ್ಟ್ 20, ಮಂಗಳವಾರ

ಚೀಟಿ ಮಿಸ್ ಜೊತೆ ಜಗಳ. ನನ್ನ ರಜೆಯಲ್ಲಿ ನನ್ನ ಕ್ಲಾಸ್ ನೋಡಿಕೊಂಡವಳು ಅವಳೇ.

"ಏನು ಮಾಡಿದಿರಿ ನನ್ನ ಮಕ್ಕಳಿಗೆ? ಒಂದು ವಾರದಲ್ಲಿ ಎಲ್ಲ ಮರೆತುಬಿಟ್ಟಿದಾವೆ!"

ಅವಳು ಡ್ರಾಯರ್ ತೆಗೆದು ರಬ್ಬರ್‌ಬ್ಯಾಂಡ್ ಹಾಕಿದ ಕಟ್ಟು ಕೊಟ್ಟಳು. "ಮೊದಲನೇ ದಿನದ ಚೀಟಿ ಮೇಡಂ. ನಾನು ಇನ್ನೂ ಏನೂ ಪಾಠ ಮಾಡಿರ್ಲಿಲ್ಲ."

ಮುಕ್ಕಾಲಿನಲ್ಲಿ ಅರ್ಧ ಎಷ್ಟು ಅಂತ ಬರೆಸಿದ್ದಾಳೆ. ಒಂಬತ್ತು ಸರಿ. ಮಿಕ್ಕವು ಖಾಲಿ, ಇಲ್ಲವೇ ಬಾಯಿಗೆ ಬಂದದ್ದು. ಚೂಟಿಯ ಚೀಟಿಯಲ್ಲಿ ಹೆಸರು ಮಾತ್ರ, ದುಂಡಗೆ.

"ಹೊಸಬರನ್ನ ಕಂಡ್ರೆ ಮಕ್ಕಳು ಬೇಕಂತಲೇ ಹೀಗೆ ಮಾಡ್ತಾವೆ" ಅಂದೆ. ಕುಣಿಯಲಾರದವಳಿಗೆ ನೆಲ ಡೊಂಕು ಅಂತಲೂ ಅಂದೆ, ಅವಳಿಗೆ ಕೇಳಿಸುವ ಹಾಗೆ.

ಆಗಸ್ಟ್ 21, ಬುಧವಾರ. ಸಂಜೆ ಆರೂವರೆ

ಬರೆದೇಬಿಡಬೇಕು.

ಅಕ್ಕ ಕನ್ನಡಿ ಮುಂದೆ ಕೂರಿಸಿ ವ್ಯಾಯಾಮ ಮಾಡಿಸುತ್ತಿದ್ದಳು. ಹುಬ್ಬು ಏರಿಸು, ಗಂಟಿಕ್ಕು, ತುಟಿ ಸುರುಟು. ಬಲಗಡೆ ಕುಣಿಯುತ್ತದೆ, ಎಡಗಡೆ ಸತ್ತಂತಿದೆ. ನನಗೆ ನಗು. ಅಕ್ಕನಿಗೂ ನಗು.

"ಈ ಮುಖ ಇಟ್ಕೊಂಡು ಈಗ ನನ್ನ ಜೊತೆ ಇಸ್ಪೀಟ್ ಆಡ್ಬೇಕು ನೀನು. ಈಗಾದ್ರೂ ಗೆಲ್ತೀಯ."

"ಅಂದ್ರೆ?"

"ಅಂದ್ರೇನು, ಚಿಕ್ಕೋಳಿದ್ದಾಗಿಂದ ನಿನ್ನ ಕೈಯಲ್ಲಿ ಏನೆಲೆ ಇದೆ ಅಂತ ನಿನ್ನ ಹುಬ್ಬೇ ಹೇಳ್ತಿತ್ತಲ್ಲೇ. ನಾನು ನಿಂಗೆ ಬೇಕಾದ ಎಲೆಗೆ ಕೈ ಹಾಕಿದ್ರೆ ಗಂಟು, ಬೇಡದ್ದಕ್ಕೆ ಹಾಕಿದ್ರೆ ಮೇಲೆ. ಅಮ್ಮನಿಗೂ ಗೊತ್ತಿತ್ತು. ನಿನ್ನೊಬ್ಬಳಿಗೇ ಗೊತ್ತಿರ್ಲಿಲ್ಲ."

ಅವಳು ನಗುತ್ತಲೇ ಇದ್ದಳು. ನಾನು ಕನ್ನಡಿಯ ಹತ್ತಿರಕ್ಕೆ ಬಾಗಿ ಬಲಗಡೆಯ ಹುಬ್ಬು ಏರಿಸಿದೆ, ಇಳಿಸಿದೆ.

ಹುಬ್ಬು ಮಿಸ್.

ಆಗಸ್ಟ್ 22, ಗುರುವಾರ

ಪರೀಕ್ಷಿಸಿ ನೋಡಿದೆ. ಮಾಡಬಾರದಿತ್ತೇನೋ.

ಕನ್ನಡಕ, ಮಾಸ್ಕ್ ಎರಡೂ ತೆಗೆದೆ. ಒಂದೆರಡು ಮಕ್ಕಳು ಕಿಸಕ್ಕೆಂದವು, ನಗಲಿ. ಚೂಟಿಯನ್ನು ಎಬ್ಬಿಸಿ ಅದೇ ಪ್ರಶ್ನೆ ಕೇಳಿದೆ. ಆಗಸ್ಟ್ 6ರಂದು ಅವಳೇ ಸರಿ ಹೇಳಿದ ಪ್ರಶ್ನೆ. "ಎಂ...ಟರಲ್ಲಿ..." ಅಂದಳು. ನಾನು ಬೇಕೆಂದೇ ಬಲಗಡೆಯ ಹುಬ್ಬು ಏರಿಸಿದೆ, ಸರಿ ಉತ್ತರಕ್ಕೆ ಏರಿಸುವ ಹಾಗೆ.

"ಎಂಟರಲ್ಲಿ ಮೂರು ಮಿಸ್!"

ಎಷ್ಟು ಧೈರ್ಯ, ಎಷ್ಟು ಸಂತೋಷ ಆ ದನಿಯಲ್ಲಿ! "ಎಲ್ಲರೂ ಒಪ್ತೀರಾ?" ಅಂದೆ. ಹುಬ್ಬು ಇಳಿಸಲಿಲ್ಲ. ಇಡೀ ಕ್ಲಾಸು ಕೋಲೆಬಸವನ ಹಾಗೆ ತಲೆಯಾಡಿಸಿತು. ತಪ್ಪು ಉತ್ತರಕ್ಕೆ ನಲವತ್ತು ಕೈ.

ಬೆಲ್ ಹೊಡೆಯುವವರೆಗೂ ಬೋರ್ಡಿನ ಕಡೆ ತಿರುಗಿ ಏನೋ ಬರೆಯುತ್ತಾ ನಿಂತೆ. ಕಣ್ಣಲ್ಲಿ ನೀರು. ಕಾಯಿಲೆಯ ಕಣ್ಣು, ಸುರಿಯುತ್ತಲೇ ಇರುತ್ತದೆ ಅಂತ ಮಕ್ಕಳಿಗೆ ಮೊದಲೇ ಹೇಳಿದ್ದೆ, ಒಳ್ಳೆಯದಾಯಿತು.

ಆಗಸ್ಟ್ 23, ಶುಕ್ರವಾರ

ಶಾಲೆಗೆ ಹೋಗಿ ಬಂದೆ, ಅಷ್ಟೇ.

ಆಗಸ್ಟ್ 26, ಸೋಮವಾರ

ಚೂಟಿಯನ್ನು ಸ್ಕೂಲು ಬಿಟ್ಟ ಮೇಲೆ ನಿಲ್ಲಿಸಿಕೊಂಡೆ. ಗದರುವುದಿಲ್ಲ ಅಂತ ಮೊದಲೇ ಮಾತು ಕೊಟ್ಟೆ.

"ನನ್ನ ಮುಖ ನೋಡಿ ಉತ್ತರ ಹೇಳ್ತೀಯಾ?"

ನೆಲ ನೋಡಿದಳು. ಆಮೇಲೆ ನಿಧಾನವಾಗಿ, "ಎಲ್ರೂ ಹಾಗೇ ಮಿಸ್. ನಂಗೆ ಎರಡನೇ ಬೆಂಚಿಂದ ಚೆನ್ನಾಗಿ ಕಾಣುತ್ತೆ."

"ಮತ್ತೆ ಟೆಸ್ಟಲ್ಲಿ? ಬರೆಯೋದ್ರಲ್ಲಿ?"

"ನೀವು ಸಾಲಲ್ಲಿ ಓಡಾಡ್ತೀರಲ್ಲ ಮಿಸ್. ಬೆಂಚ್ ಹತ್ರ ನಿಂತ್ರೆ ತಪ್ಪು. ನಿಲ್ಲದೆ ಹೋದ್ರೆ ಸರಿ."

ಅಯ್ಯೋ ನನ್ನ ಕರ್ಮವೇ.

"ಯಾರು ಹೇಳಿಕೊಟ್ರು ನಿಂಗೆ?"

"ನಮ್ಮಕ್ಕ. ಅವಳೂ ನಿಮ್ಮ ಕ್ಲಾಸಲ್ಲೇ ಓದಿದ್ದು. ಹುಬ್ಬು ನೋಡು, ಸಾಕು ಅಂದ್ಲು." ಅಕ್ಕ ಈಗ ಏನು ಮಾಡುತ್ತಿದ್ದಾಳೆ ಅಂತ ಕೇಳಿದೆ. ಹತ್ತನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಎರಡು ಸಲ ಫೇಲಾಗಿ ಓದು ಬಿಟ್ಟಳಂತೆ. ಅಲ್ಲಿ ನಾನಿರಲಿಲ್ಲವಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು, "ಮಿಸ್, ಹಾಗಾದ್ರೆ ನಾನು ಜಾಣೆ ಅಲ್ವಾ?"

"ನಾಳೆಯಿಂದ ಬೇರೆ ಥರ ಕಲಿಯೋಣ" ಅಂದೆ. ಅದು ಉತ್ತರವಲ್ಲ, ನನಗೂ ಗೊತ್ತು. ಮಗು ಕಲಿಯಲಿಲ್ಲ ಅಂತಲ್ಲ. ನನ್ನ ಕ್ಲಾಸಿನಲ್ಲಿ ಬದುಕಲು ಏನು ಬೇಕೋ ಅದನ್ನು ಅಚ್ಚುಕಟ್ಟಾಗಿ ಕಲಿತಿದೆ.

ಆಗಸ್ಟ್ 28, ಬುಧವಾರ

ಹೆಡ್‌ಮಾಸ್ಟರಿಗೆ ಎಲ್ಲ ಹೇಳಿದೆ. ಪತ್ರ ವಾಪಸ್ ತರಿಸಿಕೊಳ್ಳೋಣವೇ ಅಂದೆ.

"ನಿಮಗೆ ಹುಷಾರಿಲ್ಲ, ಏನೇನೋ ಯೋಚನೆ ಬರ್ತಿದೆ. ಇನ್ನೂ ಒಂದು ತಿಂಗಳಿದೆ, ತಯಾರಿ ಮಾಡ್ಸಿ." ಫೈಲಿನಿಂದ ತಲೆ ಎತ್ತಲಿಲ್ಲ.

ಸಂಜೆ ಚೀಟಿ ಮಿಸ್ ಹತ್ತಿರ ಹೋದೆ. "ಅವತ್ತು ನೆಲ ಡೊಂಕಿರ್ಲಿಲ್ಲ" ಅಂದೆ. ಅವಳು ನಕ್ಕು ಕುರ್ಚಿ ಎಳೆದುಕೊಟ್ಟಳು. ಮಗಳ ವಯಸ್ಸಿನವಳ ಮುಂದೆ ನೋಟ್‌ಬುಕ್ ತೆರೆದು ಕೂತೆ.

ಸೆಪ್ಟೆಂಬರ್ 4, ಬುಧವಾರ

ಹೊಸ ವ್ಯವಸ್ಥೆ. ಪ್ರಶ್ನೆ ಬೋರ್ಡಿನ ಮೇಲೆ. ನಾನು ಹಿಂದೆ, ಕೊನೆಯ ಬೆಂಚಿನಲ್ಲಿ. ಎಲ್ಲರೂ ಚೀಟಿಯಲ್ಲಿ ಬರೆಯಬೇಕು, ಉತ್ತರದ ಜೊತೆಗೆ ಯಾಕೆ ಅಂತಲೂ. ಮೊದಲ ದಿನ ಕತ್ತು ತಿರುಗಿಸಿ ತಿರುಗಿಸಿ ಅರ್ಧ ಕ್ಲಾಸಿಗೆ ಕುತ್ತಿಗೆ ನೋವು.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಬೇಕಂತೆ. ಮೂರಕ್ಕೇ ನನ್ನ ಬಾಯಿ ತುರಿಸುತ್ತದೆ. ಇಪ್ಪತ್ತಾರು ವರ್ಷ ನಾನು ಎರಡಕ್ಕಿಂತ ಹೆಚ್ಚು ಎಣಿಸಿದ್ದೇ ಇಲ್ಲವೆಂದು ಕಾಣುತ್ತದೆ.

ಚೂಟಿಯ ಚೀಟಿ ಮೂರು ದಿನವೂ ಖಾಲಿ.

ಸೆಪ್ಟೆಂಬರ್ 11, ಬುಧವಾರ

ಇವತ್ತು ಸಂಜೆ ಬರೆಯಲೇಬೇಕಾದದ್ದು ನಡೆಯಿತು.

ಅಪ್ಪನ ಹತ್ತಿರ ಒಂದೇ ಉದ್ದದ ಎರಡು ಮರದ ಪಟ್ಟಿ ಕೇಳಿ ತಾ ಅಂತ ಚೂಟಿಗೆ ಹೇಳಿದ್ದೆ. ಒಂದನ್ನು ಎಂಟು ಸಮಪಾಲು, ಇನ್ನೊಂದನ್ನು ಐದು ಪಾಲು ಮಾಡಿಸಿಕೊಂಡು ಬಂದಿದ್ದಳು. ಅವನು ಅಂಚನ್ನೆಲ್ಲ ನುಣುಪು ಮಾಡಿಕೊಟ್ಟಿದ್ದ. ಸ್ಕೂಲು ಬಿಟ್ಟ ಮೇಲೆ ನೆಲದ ಮೇಲೆ ಕೂತು ಜೋಡಿಸಿದಳು. ಎಂಟರಲ್ಲಿ ಮೂರು, ಅದರ ಪಕ್ಕಕ್ಕೆ ಐದರಲ್ಲಿ ಎರಡು. ನಾನು ಅವಳ ಬೆನ್ನ ಹಿಂದೆ. ಹತ್ತಲ್ಲ, ನೂರು ಎಣಿಸಿರಬೇಕು.

"ಒಂದು ಚೂರೇ ಚೂರು!" ಅಂತ ಕಿರುಚಿದಳು. "ಒಂದು ಚೂರೇ ಚೂರು ಉದ್ದ, ಐದರದ್ದು! ಎಂಟು ಮಾಡಿದ್ರೆ ಒಂದೊಂದು ಪೀಸೂ ಸಣ್ಣ ಆಗ್ಬಿಡುತ್ತೆ. ಅದಕ್ಕೇ ಮೂರಿದ್ರೂ ಸಾಕಾಗಲ್ಲ!"

ನನಗೆ ಹೇಳಿದ್ದಲ್ಲ. ಪಟ್ಟಿಗೆ ಹೇಳಿದ್ದು. ತಿರುಗಿ ನೋಡಲೇ ಇಲ್ಲ. ನನ್ನ ಸರ್ವೀಸಿನಲ್ಲಿ ಇಂಥದ್ದು ಎಷ್ಟು ಸಲ ಕಂಡಿದ್ದೇನೆ ಅಂತ ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ಎಡಗಣ್ಣು ಮುಚ್ಚಿತು! ಪೂರ್ತಿ. ಅಕ್ಕ ಚಪ್ಪಾಳೆ ತಟ್ಟಿದಳು.

ಕ್ಲಾಸಿನಲ್ಲಿ ಬೇರೆ ಫಜೀತಿ. ಹುಬ್ಬೂ ವಾಪಸ್ ಬಂದಿದೆ, ಮಕ್ಕಳ ಕಣ್ಣೂ. ಒಮ್ಮೆ ಮುಂದೆ ಬಂದು ನಿಂತದ್ದಕ್ಕೆ ಮೂವತ್ತು ಕೈ ಎದ್ದವು. ಹೊರಗೆ ಹೋಗಿ ಕಾರಿಡಾರಿನಿಂದ ಕೇಳಿದೆ, ಹನ್ನೆರಡಕ್ಕೆ ಇಳಿಯಿತು. ಆದರೂ ಹನ್ನೆರಡು. ಅದು ಒಂಬತ್ತಲ್ಲ.

ಚೂಟಿ ನಿಧಾನ. ಐದು ಲೆಕ್ಕದಲ್ಲಿ ಮೂರು ಸರಿ, ಆದರೆ ಮೂರಕ್ಕೂ ಯಾಕೆ ಅಂತ ಬರೆಯುತ್ತಾಳೆ. ಅಪ್ಪ ಗೇಟಿನ ಹತ್ತಿರ ಸಿಕ್ಕಿದ್ದ. "ಮೊದಲು ಪಟಪಟ ಅಂತ ಹೇಳ್ತಿದ್ಲು ಮಿಸ್, ಈಗ ಯಾಕೋ ತಡವರಿಸ್ತಾಳೆ. ಕಣ್ಣು ಬಿತ್ತೇನೋ." ಯೋಚಿಸುತ್ತಿದ್ದಾಳೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಸೆಪ್ಟೆಂಬರ್ 26, ಗುರುವಾರ

ಚೀಟಿ ಮಿಸ್ ಜೊತೆ ಮತ್ತೆ ಜಗಳ. ಈ ಸಲ ನಾನು ಸರಿ... ಅಂದುಕೊಂಡಿದ್ದೇನೆ.

ನಾಡಿದ್ದು ವಸತಿ ಶಾಲೆಯ ಪರೀಕ್ಷೆ. ಲಿಖಿತಕ್ಕೆ ಅರವತ್ತು, ಮೌಖಿಕಕ್ಕೆ ನಲವತ್ತು. ಮೌಖಿಕದಲ್ಲಿ ಮೂವರು ಎದುರಿಗೇ ಕೂತಿರುತ್ತಾರೆ.

"ಅವತ್ತೊಂದು ದಿನ ಅವಳ ಪಾಡಿಗೆ ಬಿಟ್ಬಿಡಿ ಮೇಡಂ. ಮುಖ ಓದೋದು ಅವಳಿಗೆ ಚೆನ್ನಾಗಿ ಬರುತ್ತೆ. ಅದೂ ಒಂದು ವಿದ್ಯೆ ತಾನೆ?"

"ಕಳ್ಳತನಾನೂ ಒಂದು ವಿದ್ಯೆ."

"ಹೊಸದು ಇನ್ನೂ ಗಟ್ಟಿ ಆಗಿಲ್ಲ. ಹಳೇದನ್ನ ಕಿತ್ಕೊಂಡ್ರೆ ಮಗು ಬರಿಗೈಲಿ ನಿಲ್ಲುತ್ತೆ."

ಕೇಳಲಿಲ್ಲ ನಾನು. ಅವಳು ಕಲಿಸಿದ್ದನ್ನೇ ಅವಳಿಗಿಂತ ಜೋರಾಗಿ ಹಿಡಿದಿದ್ದೇನೆ, ಹೊಸ ಭಕ್ತರ ಹಾಗೆ. ಚೂಟಿಯನ್ನು ಕರೆದು ಹೇಳಿದೆ, "ಅಲ್ಲಿ ಯಾರ ಮುಖಾನೂ ನೋಡಬೇಡ. ನಿಂಗೆ ಏನು ಗೊತ್ತೋ ಅದನ್ನ ಹೇಳು. ಮಾತು ಕೊಡು."

"ಹ್ಞೂಂ ಮಿಸ್."

ಸೆಪ್ಟೆಂಬರ್ 28, ಶನಿವಾರ. ಸಂಜೆ

ಚೂಟಿಯನ್ನು ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಲಿಖಿತ ಮುಗಿಸಿ ನಗುತ್ತಾ ಬಂದಳು. ಮೌಖಿಕ ಹದಿನೈದು ನಿಮಿಷ. ನಾನು ಹೊರಗೆ ಬೆಂಚಿನ ಮೇಲೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು. ಒಂದು ಟ್ಯಾಂಕು. ಒಂದು ನಲ್ಲಿ ಬಿಟ್ಟರೆ ಆರು ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು ಬಿಟ್ಟರೆ ಮೂರು ಗಂಟೆ. ಎರಡೂ ಬಿಟ್ಟರೆ?

"ಎರಡೂವರೆ ಅಂದೆ ಮಿಸ್. ಒಂದಕ್ಕೇ ಮೂರು ಗಂಟೆ ಸಾಕಾದ್ರೆ, ಎರಡಕ್ಕೆ ಮೂರಕ್ಕಿಂತ ಕಡಿಮೆನೇ ಆಗ್ಬೇಕಲ್ವಾ?"

ಉತ್ತರ ಎರಡು ಗಂಟೆ. ಆದರೆ ಎರಡೂವರೆ ಅನ್ನಲು ಎಷ್ಟು ಯೋಚಿಸಿರಬೇಕು! ದೊಡ್ಡವರೇ ನಾಲ್ಕೂವರೆ ಅನ್ನುವ ಲೆಕ್ಕ ಅದು.

"ಮಧ್ಯದಲ್ಲಿ ಕೂತಿದ್ದ ಮೇಡಂ 'ಇನ್ನೊಂದ್ಸಲ ಯೋಚ್ನೆ ಮಾಡು' ಅಂದ್ರು. ಅವರ ದನಿಲೇ ಗೊತ್ತಾಯ್ತು ತಪ್ಪು ಅಂತ. ಮೂರರಿಂದ ಕೆಳಗೆ ಒಂದೊಂದೇ ಹೇಳ್ತಾ ಅವರ ಮುಖ ನೋಡಿದ್ರೆ ಸಿಕ್ಬಿಡ್ತಿತ್ತು ಮಿಸ್. ಸುಲಭ ಇತ್ತು." ಕಿಟಕಿ ಕಡೆ ತಿರುಗಿದಳು. "ಕಣ್ಣು ಮುಚ್ಕೊಂಡೆ. ನಿಮಗೆ ಮಾತು ಕೊಟ್ಟಿದ್ನಲ್ಲ."



ಅಕ್ಟೋಬರ್ 9, ಬುಧವಾರ

ಲಿಖಿತ ಮೂವತ್ತೊಂಬತ್ತು. ಮೌಖಿಕ ಹದಿನಾರು. ಒಟ್ಟು ಐವತ್ತೈದು. ಕೊನೆಯ ಸೀಟು ಐವತ್ತೆಂಟಕ್ಕೆ ಹೋಯಿತು. ಮೌಖಿಕದಲ್ಲಿ ಒಂದೊಂದು ಪ್ರಶ್ನೆಗೆ ನಾಲ್ಕು ಅಂಕ.

ಷರಾ ಬೇರೆ ಬರೆದು ಕಳಿಸಿದ್ದಾರೆ — 'ಪರೀಕ್ಷಕರನ್ನು ಕಣ್ಣೆತ್ತಿ ನೋಡುವುದಿಲ್ಲ. ಆತ್ಮವಿಶ್ವಾಸ ಸಾಲದು.'

ಚೂಟಿಯ ಅಪ್ಪ ಬಂದಿದ್ದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. "ಯಾರ ಮುಖಾನೂ ನೋಡಬೇಡ ಅಂತ ನೀವೇ ಹೇಳಿದ್ರಂತೆ. ದೊಡ್ಡವರ ಮುಖ ನೋಡಿ ಮಾತಾಡು ಅಂತ ನಾವು ಮನೇಲಿ ಹೇಳ್ಕೊಟ್ಟಿದ್ವಿ. ನಿಮಗೆ ತಿಳಿದಿರುತ್ತೆ, ನೀವು ಓದಿದೋರು. ನನಗೆ ಅರ್ಥ ಆಗಲಿಲ್ಲ ಅಷ್ಟೇ."

ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಮೊದಲು ಕಲಿಸಿದ್ದೂ ತಪ್ಪು, ಆಮೇಲೆ ಬಿಡಿಸಿದ ರೀತಿಯೂ ತಪ್ಪು, ಎರಡೂ ನಂದೇ ಅಂದೆ. ಅವನು ನಿಂತೇ ಕೇಳಿಸಿಕೊಂಡ. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

ಮನೆಯಲ್ಲಿ ಅಕ್ಕನಿಗೆ ಹೇಳಿದೆ. ತಮಾಷೆ ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಲಿಲ್ಲ. ಚಹಾ ಮಾಡಿ ಕೊಟ್ಟಳು.

ಅಕ್ಟೋಬರ್ 14, ಸೋಮವಾರ

ಚೂಟಿ ತಾನಾಗಿಯೇ ಬೆಂಚು ಬದಲಾಯಿಸಿದ್ದಾಳೆ. ಕಂಬದ ಹಿಂದೆ. ಅಲ್ಲಿಂದ ನಾನು ಕಾಣುವುದಿಲ್ಲ. "ಇತ್ತ ನೋಡಮ್ಮ" ಅಂದೆ. ನೋಡಲಿಲ್ಲ. ಸಿಟ್ಟಲ್ಲ. ಸಿಟ್ಟಾಗಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು.

ಸ್ಕೂಲು ಬಿಟ್ಟ ಮೇಲೆ ಎಲ್ಲರೂ ಹೋದರು. ಅವಳು ಬ್ಯಾಗ್ ಹಾಕಿಕೊಂಡು ನನ್ನ ಟೇಬಲ್ ಹತ್ತಿರ ಬಂದು ನಿಂತಳು. ತಲೆ ಬಗ್ಗಿಸಿಕೊಂಡೇ.

"ಮಿಸ್. ಆ ಟ್ಯಾಂಕಿನ ಲೆಕ್ಕ. ಒಂದು ಗಂಟೇಲಿ ಮೊದಲನೇದು ಆರರಲ್ಲಿ ಒಂದು ಪಾಲು ತುಂಬುತ್ತೆ. ಎರಡನೇದು ಮೂರರಲ್ಲಿ ಒಂದು ಪಾಲು, ಅಂದ್ರೆ ಆರರಲ್ಲಿ ಎರಡು. ಎರಡೂ ಸೇರಿ ಆರರಲ್ಲಿ ಮೂರು. ಅರ್ಧ ಟ್ಯಾಂಕು." ಉಸಿರು ತೆಗೆದುಕೊಂಡಳು. "ಹಂಗಾದ್ರೆ ಪೂರ್ತಿಗೆ ಎರಡು ಗಂಟೆ. ಸರಿನಾ ಮಿಸ್?"

ಯಾರೂ ಹೇಳಿಕೊಟ್ಟದ್ದಲ್ಲ. ನಾನಂತೂ ಅಲ್ಲ. ಖುಷಿಗೋ ದುಃಖಕ್ಕೋ, ಒಂದು ಅಕ್ಷರ ಹೊರಡಲಿಲ್ಲ. ಆದರೆ ಮುಖವೆಲ್ಲ ಅರಳಿತ್ತು, ನನಗೇ ಗೊತ್ತಾಗುತ್ತಿತ್ತು. ಎರಡೂ ಹುಬ್ಬು ಹಣೆಯವರೆಗೆ ಏರಿದ್ದವು. ಸರಿ, ಸರಿ, ನೂರಕ್ಕೆ ನೂರು ಸರಿ ಅಂತ.

ಅವಳು ನೆಲ ನೋಡುತ್ತಾ ಕಾದಳು. ಅವಳೂ ಹತ್ತು ಎಣಿಸಿರಬೇಕು.

"ಪರವಾಗಿಲ್ಲ ಬಿಡಿ ಮಿಸ್" ಅಂದಳು. ಹೊರಟುಹೋದಳು.

ಎದ್ದು ಗೇಟಿನವರೆಗೆ ಓಡಿದೆ. ರಸ್ತೆಯಲ್ಲಿ ಇರಲಿಲ್ಲ. ಈಗ ಏಳು ಗಂಟೆ. ಬಡಗಿಯ ಅಂಗಡಿ ಎಲ್ಲಿದೆ ಅಂತ ಅಕ್ಕನಿಗೆ ಗೊತ್ತಂತೆ, ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. ಬೆಳಗ್ಗೆಯವರೆಗೆ ಕಾಯಲು ಆಗುವುದಿಲ್ಲ. ಹೋಗಿ ಬಾಯಿಬಿಟ್ಟು, ಜೋರಾಗಿ, ಅವಳಪ್ಪನಿಗೂ ಕೇಳಿಸುವ ಹಾಗೆ ಹೇಳಬೇಕು, ಸರಿ ಅಂತ.